ಹಿರಿಯರು ಮತ್ತು ಮೊಬೈಲ್ ತರಂಗ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕಿನ ಹಳ್ಳಿಗಳಲ್ಲೂ ಮೊಬೈಲ್ ಟವರ್ ಎದ್ದಿವೆ. "ಟವರ್ ಬಂದಾಗಿಂದ ತಲಿ ತಿರಗತೈತಿ" ಎಂದು ಅತ್ತೆ, ಮಾವ ಹೇಳಿದರೆ ಏನು ಮಾಡಬೇಕು?

ಒಲೆಯಿಂದ ದೂರ ಸರಿದಷ್ಟೂ ಕಾವು ಕಡಿಮೆ. ತರಂಗವೂ ಹಾಗೆಯೇ. ಟವರ್ ತರಂಗದ ಮಿತಿಯನ್ನು ಸರಕಾರ 2012ರಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ದೂರದ ಟವರಿಗಿಂತ ಕಿವಿಗೆ ಹಿಡಿದ ಮೊಬೈಲಿನಿಂದಲೇ ಮೈಗೆ ಹೆಚ್ಚು ತರಂಗ ತಗಲುತ್ತದೆ.

ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮೊಬೈಲನ್ನು ಅಂಗಿ ಕಿಸೆಯಲ್ಲಿ ಇಡಬಾರದು. ಒಂದು ಗೇಣು ದೂರವಿರಲಿ. ಇನ್ನೊಂದು ಬದಿಯ ಕಿವಿಗೆ ಹಿಡಿಯಲಿ.

ತಲೆಸುತ್ತಿಗೆ ಟವರನ್ನೇ ದೂರಿ ಸುಮ್ಮನೆ ಕೂಡಬೇಡ್ರಿ. ಬಿ.ಪಿ., ಸಕ್ಕರೆ ಕಾಯಿಲೆ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗ್ರಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಮನೆಗಳಲ್ಲಿ ಈ ವರ್ಷ ಬಿ.ಪಿ. ನೋಡಿಸದ ಹಿರಿಯರು ಯಾರು?