ಹಿತ್ತಲ ಕೋಳಿಗೂಡಿನ ಹಾಸು

ಮಂಡ್ಯದ ಸೀಮೆಯೆಂದೊಡನೆ ಹೊರಗಿನವರಿಗೆ ಕಬ್ಬು, ಬೆಲ್ಲ, ಬತ್ತಗಳ ನೆನಪು ಬರುವುದೇ ಹೊರತು ಹಿತ್ತಲ ಕೋಳಿಯ ನೆನಪು ಬರುವುದಿಲ್ಲ. ಕಬ್ಬಿನ ಹಣ ವರ್ಷಕ್ಕೊಮ್ಮೆ ಗಂಡಸರ ಕೈಗೆ ಬರುತ್ತದೆ. ಮೊಟ್ಟೆಯ ಕಾಸಾದರೋ ಹೆಂಗಸರ ಕೈಯಲ್ಲಿ ವಾರವಾರವೂ ಓಡಾಡುತ್ತದೆ. ನನ್ನ ಪರೀಕ್ಷಾ ಶುಲ್ಕದ ಒಂದು ಪಾಲು ಆ ಕಾಸಿನಿಂದಲೇ ಸಂದಾಯವಾದುದರಿಂದ, ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ಕುರಿತು ಬರೆಯಲು ಸಂಕೋಚಪಡುವುದಿಲ್ಲ.

ಮಳೆಗಾಲದಲ್ಲಿ ಮರಿಗಳು ಸತ್ತರೆ ಆ ಕಾಸು ನಿಂತಿತೆಂದೇ ತಿಳಿಯಬೇಕು. ಎಲ್ಲ ಸಾವನ್ನೂ ಕೊಕ್ಕರೆ ರೋಗದ ತಲೆಗೆ ಕಟ್ಟುವುದು ನಮ್ಮ ಕಡೆಯ ರೂಢಿ. ರಾಣಿಖೇತ್ ಎಂದು ಹೆಸರಾದ ಆ ರೋಗಕ್ಕೆ ಲಸಿಕೆಯುಂಟು. ಗೂಡು ಎಷ್ಟೇ ಚೊಕ್ಕಟವಾಗಿದ್ದರೂ ಲಸಿಕೆಯಿಲ್ಲದೆ ಗತಿಯಿಲ್ಲ. ಆದರೆ ಮೂರು ನಾಲ್ಕು ವಾರದ ಮರಿಯು ರೆಕ್ಕೆ ಇಳಿಬಿಟ್ಟು, ರಕ್ತದ ಹಿಕ್ಕೆ ಹಾಕಿ ಸತ್ತರೆ ಅದು ಬಹುಮಟ್ಟಿಗೆ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ಇದು ಬಲಿಯುವುದು ಗೂಡಿನ ನೆಲದಲ್ಲಿಯೇ. ರೋಗಾಣುವಿನ ತತ್ತಿ ಹಿಕ್ಕೆಯಲ್ಲಿ ಹೊರಬಿದ್ದಾಗ ಇನ್ನೂ ಎಳೆಯದಾಗಿರುತ್ತದೆ. ತೇವ, ಬೆಚ್ಚನೆಯ ಹವೆ, ಗಾಳಿ ಈ ಮೂರೂ ದೊರೆತರೆ ಒಂದೆರಡು ದಿನದಲ್ಲಿ ಬಲಿತು ಮತ್ತೊಂದು ಮರಿಯ ಹೊಟ್ಟೆ ಸೇರಲು ಸಿದ್ಧವಾಗುತ್ತದೆ. ಹವೆಯನ್ನೂ ಗಾಳಿಯನ್ನೂ ನಾವು ತಡೆಯಲಾರೆವು. ನಮ್ಮ ಕೈಲಿರುವುದು ತೇವ ಒಂದೇ.

1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ಹರಿದು ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಬಯಲಿನ ಊರುಗಳಲ್ಲಿ ತೇವಕ್ಕೇನೂ ಬರವಿಲ್ಲ. ಇದರ ಮೇಲೆ ನಾವು ಗೂಡನ್ನು ನೀರು ಹಾಕಿ ತೊಳೆಯುತ್ತೇವೆ, ಸಗಣಿ ಸಾರಿಸುತ್ತೇವೆ! ಜಗಲಿಗೆ ಒಪ್ಪುವ ಶುಚಿ ಗೂಡಿಗೆ ಒಪ್ಪದು. ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ತುದಿಯಲ್ಲಿ ಕಾಣುವ ಬಿಳುಪೇ ಅದರ ಮೂತ್ರ, ಯೂರಿಕ್ ಆಮ್ಲ. ಒದ್ದೆಯಾದೊಡನೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯವಾಗಿ ಒಡೆಯುತ್ತವೆ. ಬಾಗಿಲು ತೆರೆದಾಗ ನಮ್ಮ ಕಣ್ಣು ಉರಿದರೆ, ರಾತ್ರಿಯೆಲ್ಲ ಅಲ್ಲಿಯೇ ಇದ್ದ ಕೋಳಿಯ ಪಾಡನ್ನು ಊಹಿಸಬಹುದು.

ಇದಕ್ಕೆ ನಮ್ಮಲ್ಲಿ ಸುಲಭವಾಗಿ ಸಿಗುವ ಹಾಸೆಂದರೆ ಅಕ್ಕಿ ಗಿರಣಿಯ ಬತ್ತದ ಹೊಟ್ಟು. ಮರದ ಹೊಟ್ಟಿನಷ್ಟು ನೀರು ಹೀರದಿದ್ದರೂ ಬೇಗ ಆರುತ್ತದೆ. ಮರಳಿನ ಸತ್ತ್ವವಾದ ಸಿಲಿಕ ಅದರಲ್ಲಿ ಹೇರಳವಾಗಿರುವುದರಿಂದ ಬೇಗ ಕೊಳೆಯುವುದೂ ಇಲ್ಲ. ತೌಡು ಬೆರೆತ ಹೊಟ್ಟು ಮಾತ್ರ ಬೇಡ, ಇಲಿಗೆ ಔತಣವಾದೀತು. ಕಬ್ಬಿನ ತರಗಾಗಲಿ ಹುಲ್ಲಾಗಲಿ ಕತ್ತರಿಸದೆ ಹಾಕಿದರೆ ಚಾಪೆಯಂತೆ ಹೆಣೆದುಕೊಂಡು ಅಡಿಯಲ್ಲಿ ಬೂಸಲು ಹಿಡಿಯುತ್ತದೆ. ಆ ಬೂಸಲು ಕೋಳಿಯ ಶ್ವಾಸಕೋಶಕ್ಕೆ ಕೇಡು.

ಅಮೆರಿಕದ ಓಹಿಯೊ ಪ್ರಾಂತದ ವೂಸ್ಟರಿನಲ್ಲಿ ಕೆನಾರ್ಡ್ ಮತ್ತು ಚೇಂಬರ್ಲಿನ್ ಎಂಬುವರು 1940ರ ದಶಕದಲ್ಲಿ ಹಳೆಯ ಹಾಸನ್ನು ತೆಗೆಯದೆ ಮೇಲೆ ಮೇಲೆ ಹೊಸದನ್ನು ಹಾಕುತ್ತ ಪ್ರಯೋಗ ಮಾಡಿದರು. ಪಳಗಿದ ಹಾಸಿನ ಮೇಲೆ ಮರಿಗಳು ಚೆನ್ನಾಗಿಯೇ ಬೆಳೆದವು. ಇದನ್ನು ಹೇಳಿದಾಗ ನಮ್ಮ ತಾಯಿಯವರು, "ಇಕ್ಕೆನ ಗೂಡಲ್ಲೇ ಬುಟ್ಬುಟ್ಟು ಅದ್ಯಾವ ಚೊಕ್ಕಟ್ವಪ್ಪಾ?" ಎಂದರು. ಆ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆಳವಾದ ಹಾಸಿಗೆ ಕೋಳಿ ಹಗಲೂ ಕೆದಕುವಷ್ಟು ಎಡೆಯಿರುವ ಗೂಡು ಬೇಕು, ನಾಲ್ಕು ಅಂಗುಲವಾದರೂ ಹೊಟ್ಟು ಬೇಕು, ವಾರಕ್ಕೆರಡು ಸಲ ಕೆದಕಿ ತಿರುವಬೇಕು. ನಮ್ಮಲ್ಲಿ ಹಲವರದು ರಾತ್ರಿ ಮಾತ್ರ ಕೂಡುವ ಕಿರುಗೂಡು, ಇಲ್ಲವೇ ಕವುಚಿದ ಮಂಕರಿ. ಅಲ್ಲಿ ಹಿಕ್ಕೆಯೆಲ್ಲ ಒಂದೇ ಕಡೆ ಬೀಳುತ್ತದೆ. ಅಂಥ ಕಡೆ ತಾಯಿಯವರ ಪೊರಕೆಯೇ ಸರಿ: ದಿನವೂ ಹಿಕ್ಕೆ ಬಳಿದು, ಎರಡಂಗುಲ ಹೊಟ್ಟು ಹರಡಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಕು. ತಂಬಿಗೆಯ ನೀರು ಮಾತ್ರ ಬೇಡವೆಂದು ನನ್ನ ವಾದ.

ಹಾಸಿನ ಹದ ತಿಳಿಯಲು ಒಂದು ಹಿಡಿ ತೆಗೆದು ಹಿಸುಕಿ ನೋಡಬೇಕು. ಉಂಡೆಯಾಗಿಯೇ ನಿಂತರೆ ಒದ್ದೆ; ಧೂಳೆದ್ದರೆ ಅತಿ ಒಣಗು; ಕೈ ಬಿಚ್ಚಿದೊಡನೆ ಉದುರಿಹೋದರೆ ಹದ. ಮೊದಲು ಕೆಡುವುದು ನೀರಿನ ಬಟ್ಟಲ ಸುತ್ತಣ ಜಾಗ. ಬಟ್ಟಲನ್ನು ಇಟ್ಟಿಗೆಯ ಮೇಲಿಟ್ಟು, ನೆನೆದ ಹೊಟ್ಟನ್ನು ಆಗಾಗಲೇ ತೆಗೆದರೆ ಉಳಿದದ್ದು ಬಹುದಿನ ಬಾಳುತ್ತದೆ.

ಮಳವಳ್ಳಿ ಕಡೆಯ ರೇಷ್ಮೆ ಮನೆಗಳಲ್ಲಿ ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಕೋಳಿಗೂಡಿಗೂ ಅದನ್ನೇ ಮಾಡುವವರುಂಟು. ಬರಿಯ ನೆಲಕ್ಕೂ ಗೋಡೆಯ ಸಂದಿಗೂ ಅದು ಒಳ್ಳೆಯದೇ, ಹಗಲು ಸಂದಿಯಲ್ಲಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿಯ ಕಾಟ ತಗ್ಗುತ್ತದೆ. ಒದ್ದೆ ಹಿಕ್ಕೆಯ ಮೇಲೆಯೇ ಸುಣ್ಣ ಚೆಲ್ಲಿದರೆ ಅಮೋನಿಯ ಮತ್ತಷ್ಟು ಏಳುವುದು.

ತೆಗೆದ ಹಾಸು ಕಸವಲ್ಲ. ಒಣಗಿದ ಕೋಳಿಗೊಬ್ಬರದಲ್ಲಿ ನೂರಕ್ಕೆ ಸುಮಾರು 3 ಪಾಲು ಸಾರಜನಕವಿರುತ್ತದೆ. ಹಟ್ಟಿಗೊಬ್ಬರದಲ್ಲಿ ಅರ್ಧ ಪಾಲಿನ ಆಸುಪಾಸು. ಹಸಿಯಾಗಿಯೇ ಮೆಣಸಿನ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಎರಡು ಮೂರು ತಿಂಗಳು ತಿಪ್ಪೆಯಲ್ಲಿ ಸಗಣಿಯೊಡನೆ ಕಳಿತ ಮೇಲೆ ಹಾಕಬೇಕು. ಮಳೆಗಾಲಕ್ಕೆ ಮುಂಚೆ ಎರಡು ಚೀಲ ಹೊಟ್ಟನ್ನು ನೆನೆಯದ ಕಡೆ ಕಟ್ಟಿಡಬೇಕು. ಮಳೆ ಹಿಡಿದ ಮೇಲೆ ಒಣ ಹೊಟ್ಟು ಸಿಗುವುದು ಕಷ್ಟ.