ಧ್ವನಿತಂತುವಿನ ಪಾರ್ಶ್ವವಾಯು: ಕುಂದಿದ ಧ್ವನಿಗೆ ಚಿಕಿತ್ಸೆ

ಕೊರಳಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಉಸಿರಾಡುವಾಗ ಇವು ದೂರ ಸರಿಯುತ್ತವೆ. ಮಾತನಾಡುವಾಗ ಒಂದನ್ನೊಂದು ಸಮೀಪಿಸಿ, ಗಾಳಿಯ ಒತ್ತಡದಿಂದ ಕಂಪಿಸಿ ಧ್ವನಿಯನ್ನು ಉಂಟುಮಾಡುತ್ತವೆ. ನುಂಗುವಾಗ ಬಿಗಿಯಾಗಿ ಮುಚ್ಚಿ ಶ್ವಾಸನಾಳವನ್ನು ರಕ್ಷಿಸುತ್ತವೆ. ಇವುಗಳನ್ನು ಚಲಿಸುವ ನರಕ್ಕೆ ಹಾನಿಯಾದಾಗ ತಂತು ನಿಶ್ಚಲವಾಗುತ್ತದೆ. ಇದೇ ಧ್ವನಿತಂತುವಿನ ಪಾರ್ಶ್ವವಾಯು.

ಲಕ್ಷಣಗಳು

ಸಾಮಾನ್ಯವಾಗಿ ಒಂದೇ ತಂತು ಈ ತೊಂದರೆಗೆ ಒಳಗಾಗುತ್ತದೆ. ಆಗ ತಂತುಗಳ ನಡುವಿನ ಸಂದಿನಿಂದ ಗಾಳಿ ಸೋರಿ ಧ್ವನಿ ಕ್ಷೀಣಿಸುತ್ತದೆ. ಸ್ವಲ್ಪ ಮಾತನಾಡಿದರೂ ಆಯಾಸವಾಗುತ್ತದೆ. ನೀರು ಕುಡಿಯುವಾಗ ಪದೇ ಪದೇ ನೆತ್ತಿಗೇರಿ ಕೆಮ್ಮು ಬರಬಹುದು.

ಕಾರಣಗಳು

ಎಡತಂತುವಿನ ನರವು ಎದೆಯೊಳಗೆ ಇಳಿದು, ಮಹಾಪಧಮನಿಯ ಕಮಾನನ್ನು ಬಳಸಿ ಮತ್ತೆ ಕೊರಳಿಗೆ ಏರುತ್ತದೆ. ಆದುದರಿಂದ ದೋಷವು ಧ್ವನಿಯಲ್ಲಿ ತೋರಿದರೂ ಅದರ ಮೂಲ ಎದೆಯಲ್ಲಿರಬಹುದು. ಶ್ವಾಸಕೋಶದ ಕ್ಯಾನ್ಸರ್, ಥೈರಾಯ್ಡ್ ಗ್ರಂಥಿಯ ಅಥವಾ ಎದೆಯ ಶಸ್ತ್ರಚಿಕಿತ್ಸೆ, ವೈರಾಣು ಸೋಂಕು ಮುಂತಾದವು ಕಾರಣಗಳಾಗಬಹುದು. ಕೆಲವರಲ್ಲಿ ಕಾರಣ ತಿಳಿದುಬರುವುದೇ ಇಲ್ಲ. ದರ್ಶಕ ನಳಿಕೆಯಿಂದ ತಂತುಗಳ ಚಲನೆಯನ್ನು ಪರೀಕ್ಷಿಸಿದ ನಂತರ, ಕಾರಣ ಸ್ಪಷ್ಟವಾಗದಿದ್ದಲ್ಲಿ, ಕೊರಳು ಮತ್ತು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಲಾಗುತ್ತದೆ.

ಚಿಕಿತ್ಸೆ

ನರವು ತಾನಾಗಿಯೇ ಚೇತರಿಸಿಕೊಳ್ಳುವ ಸಾಧ್ಯತೆಯಿರುವುದರಿಂದ ಶಾಶ್ವತ ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯುತ್ತಾರೆ. ಈ ಅವಧಿಯನ್ನು ವ್ಯರ್ಥವಾಗಿ ಕಳೆಯಬೇಕಿಲ್ಲ. ವಾಕ್ ತಜ್ಞರು ಉಸಿರಿನ ಹತೋಟಿ ಮತ್ತು ಧ್ವನಿಯ ವ್ಯಾಯಾಮಗಳನ್ನು ಕಲಿಸುತ್ತಾರೆ. ಅಗತ್ಯವಿದ್ದಲ್ಲಿ ನಿಶ್ಚಲ ತಂತುವಿಗೆ ಹೈಅಲುರಾನಿಕ್ ಆಮ್ಲದಂತಹ ವಸ್ತುವನ್ನು ಚುಚ್ಚಿ ಉಬ್ಬಿಸಿ, ಸಂದನ್ನು ತಾತ್ಕಾಲಿಕವಾಗಿ ಕಿರಿದುಗೊಳಿಸುತ್ತಾರೆ.

ಚೇತರಿಕೆ ಕಾಣದಿದ್ದಲ್ಲಿ, ಥೈರಾಯ್ಡ್ ಮೃದ್ವಸ್ಥಿಯಲ್ಲಿ ಸಣ್ಣ ಕಿಂಡಿ ತೆರೆದು, ಬಿಲ್ಲೆಯೊಂದನ್ನಿರಿಸಿ ತಂತುವನ್ನು ಮಧ್ಯಕ್ಕೆ ಸರಿಸಲಾಗುತ್ತದೆ. ಜಪಾನಿನ ವೈದ್ಯ ನೊಬುಹಿಕೊ ಇಶ್ಶಿಕಿ 1974ರಲ್ಲಿ ವಿವರಿಸಿದ ಥೈರೊಪ್ಲಾಸ್ಟಿ ಇದಕ್ಕೆ ತಳಹದಿ. ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಅರಿವಳಿಕೆ ನೀಡುವುದರಿಂದ, ರೋಗಿಯನ್ನು ಮಾತನಾಡಿಸಿ, ಧ್ವನಿಯನ್ನು ಆಲಿಸುತ್ತಲೇ ಬಿಲ್ಲೆಯನ್ನು ಹೊಂದಿಸಬಹುದು. ಕೊರಳಿನ ಬೇರೊಂದು ನರವನ್ನು ಜೋಡಿಸುವ ಶಸ್ತ್ರಚಿಕಿತ್ಸೆಯೂ ಉಂಟು. ತಂತು ಮೊದಲಿನಂತೆ ಚಲಿಸದಿದ್ದರೂ ಧ್ವನಿ ಸಾಕಷ್ಟು ಸುಧಾರಿಸುತ್ತದೆ.

ಗಮನಿಸಿ

ಧ್ವನಿಯ ಒಡಕು ಮೂರು ವಾರಗಳಾದರೂ ಮಾಯದಿದ್ದಲ್ಲಿ ಮನೆಮದ್ದಿನಲ್ಲೇ ಕಾಲ ಕಳೆಯದೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಧೂಮಪಾನಿಗಳು ಇದನ್ನು ಎಂದೂ ಉಪೇಕ್ಷಿಸಬಾರದು. ಎರಡೂ ತಂತುಗಳು ಮಧ್ಯದಲ್ಲಿ ನಿಶ್ಚಲವಾದರೆ ಉಸಿರಿಗೇ ಅಪಾಯ. ಉಸಿರೆಳೆಯುವಾಗ ಕರ್ಕಶ ಸದ್ದು ಕೇಳಿಸಿದಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಧ್ವನಿಯನ್ನು ಸರಿಪಡಿಸುವುದು ಎಷ್ಟು ಮುಖ್ಯವೋ, ಅದು ಕುಂದಲು ಕಾರಣವೇನೆಂದು ಅರಿಯುವುದೂ ಅಷ್ಟೇ ಮುಖ್ಯ.