ನಮ್ಮ ಖಾನಾಪುರ ಕಾಡು ಯಾವ ಪ್ರಾಣಿವಲಯದಾಗ ಬರ್ತದ?

ಗೆಳೆಯರೇ, ದೇಶಗಳಿಗೆ ಗಡಿ ಇರುವ ಹಾಗೆ ಪ್ರಾಣಿಗಳಿಗೂ ಗಡಿ ಇದೆ. ಆಲ್ಫ್ರೆಡ್ ವಾಲೇಸ್ ಎಂಬ ವಿಜ್ಞಾನಿ 1876ರಲ್ಲಿ ಜಗತ್ತನ್ನು 6 ಪ್ರಾಣಿವಲಯಗಳಾಗಿ ವಿಂಗಡಿಸಿ ಪುಸ್ತಕ ಬರೆದನು. ನಮ್ಮದು ಓರಿಯೆಂಟಲ್ ವಲಯ.

ಎಲ್ಲೆ: ಉತ್ತರಕ್ಕೆ ಹಿಮಾಲಯ, ಆಗ್ನೇಯಕ್ಕೆ ಇಂಡೋನೇಷ್ಯಾದ ಬಾಲಿ ದ್ವೀಪ. ಭಾರತ, ಶ್ರೀಲಂಕಾ, ಮಯನ್ಮಾರ್, ಥೈಲ್ಯಾಂಡ್ ನಡುವೆ ಬರುತ್ತವೆ.

ಹವಾಮಾನ: ಇದು ಬಹುತೇಕ ಉಷ್ಣವಲಯ. ಜೂನ್‌ದಿಂದ ಸೆಪ್ಟೆಂಬರ್ ತನಕ ಅರಬ್ಬೀ ಸಮುದ್ರದ ಮೋಡ ಸಹ್ಯಾದ್ರಿಗೆ ತಾಗಿ ಕಣಕುಂಬಿ ಕಡೆ ಜಗ್ಗಿ ಮಳಿ ಸುರೀತದ. ಬೆಳಗಾವಿಗೆ ಬರೂದ್ರಾಗ ಮಳಿ ಕಡಿಮಿ ಆಗ್ತದ. ಇನ್ನೂ ಪೂರ್ವಕ್ಕ ಹೋದ್ರ ಜ್ವಾಳದ ಎರಿಹೊಲ. ಅದಕ್ಕೇ ಖಾನಾಪುರದ ಪಶ್ಚಿಮಕ್ಕೆ ದಟ್ಟ ಕಾಡು ಇದೆ. ಮಲಪ್ರಭಾ, ಮಹದಾಯಿ ಎರಡೂ ನದಿ ಈ ತಾಲೂಕಿನಲ್ಲೇ ಹುಟ್ಟುತ್ತವೆ.

ಪ್ರಾಣಿಗಳು: ಹುಲಿ, ಕಾಡುಕೋಣ, ಕಡವೆ, ಕರಡಿ, ಮಂಗಟ್ಟೆ ಹಕ್ಕಿ, ಕಾಳಿಂಗಸರ್ಪ. ಇವುಗಳ ಸಲುವಾಗಿ 2011ರಲ್ಲಿ ಭೀಮಗಡ ವನ್ಯಜೀವಿ ಧಾಮ ಆಯಿತು.

ಅಪರೂಪದ ಬಾವಲಿ: ಅಲ್ಲಿನ ಬಾರಾಪೇಡೆ ಗವಿಯಲ್ಲಿ ರಾಟನ್ ಬಾವಲಿ ಇದೆ. 1913ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಬಹಳ ವರ್ಷ ಜಗತ್ತಿನಲ್ಲಿ ಇದೊಂದೇ ಜಾಗದಾಗ ಅದ ಅಂತ ತಿಳಿದಿದ್ದರು. 2000ದ ಸುಮಾರಿಗೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು. ಅವೂ ಓರಿಯೆಂಟಲ್ ವಲಯದ ಊರುಗಳೇ! ಹಂಗಾರ ಕಾಂಬೋಡಿಯಾ ನಮಗ ಪ್ರಾಣಿಗಳ ಲೆಕ್ಕದಾಗ ನೆರಿಮನಿ ಅಂತ ನನಗನಿಸ್ತದ.

ಬಾವಲಿ ಅಪಶಕುನ ಅಂತ ಕೆಲವರು ಅಂತಾರ. ಆದರೆ ಈ ಬಾವಲಿ ಹುಳ ತಿಂದು ಬದುಕ್ತದ, ನಮಗೇನೂ ಮಾಡೂದಿಲ್ಲ. ಗವಿಯಾಗ ಹೊಗಿ ಹಾಕಿದ್ರ, ಗದ್ದಲ ಮಾಡಿದ್ರ ಅವು ಜಾಗ ಬಿಟ್ಟು ಹೋಗ್ತಾವ. ಹೋದ್ರ ಮತ್ತ ಎಲ್ಲಿಂದ ತರೂದು? ಆದ್ದರಿಂದ ಕಾಡು ಉಳಿಸೋಣ, ಗವಿಗಳಿಗೆ ಕಲ್ಲು ಒಗೀಬ್ಯಾಡ್ರಿ.

— 7ನೇ ಇಯತ್ತೆ